ಕೊಪ್ಪರಿಗೆಯ ಬಳೆಗೆ ಕಡಿಮೆ ಬಿದ್ದ 31 ಮಿಲಿಮೀಟರ್

ಮಂಡ್ಯದಲ್ಲಿ ನಮ್ಮದೊಂದು ಸಣ್ಣ ವೆಲ್ಡಿಂಗ್ ಅಂಗಡಿಯಿದೆ. ಕಬ್ಬು ಅರೆಯುವ ಕಾಲ ಬಂತೆಂದರೆ ಆಲೆಮನೆಯವರ ಕೆಲಸವೇ ಹೆಚ್ಚು. ಪಾಂಡವಪುರದ ಕಡೆಯ ರೈತರೊಬ್ಬರು ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ತಂದು, ಅದರ ಬಾಯಿಗೆ ಹೊರಗಿನಿಂದ ಕಬ್ಬಿಣದ ಬಳೆ ತೊಡಿಸಿಕೊಡಬೇಕೆಂದು ಕೇಳಿದ ದಿನ ತಂದೆಯವರು ಊರಿನಲ್ಲಿರಲಿಲ್ಲ. ಹೊರ ಅಂಚಿನಿಂದ ಹೊರ ಅಂಚಿಗೆ ವ್ಯಾಸ 1500 ಮಿ.ಮೀ. ಇತ್ತು. ವ್ಯಾಸವನ್ನು ಪೈಯಿಂದ ಗುಣಿಸಿದರೆ ಪರಿಧಿ ಎಂಬುದು ಹೈಸ್ಕೂಲಿನಿಂದಲೂ ಬಾಯಿಪಾಠವಾಗಿದ್ದರಿಂದ, 1500ನ್ನು 3.1416ರಿಂದ ಗುಣಿಸಿ, 10 ಮಿ.ಮೀ. ದಪ್ಪದ ಪಟ್ಟಿಯನ್ನು 4712 ಮಿ.ಮೀ.ಗೆ ಕತ್ತರಿಸಿ, ಬಾಗಿಸಿ, ತುದಿಗಳನ್ನು ಬೆಸೆದೆ. ಬಳೆ ದುಂಡಗೆ ಚೆನ್ನಾಗಿಯೇ ಬಂತು. ಕೊಪ್ಪರಿಗೆಯ ಮೇಲೆ ಮಾತ್ರ ಇಳಿಯಲಿಲ್ಲ.

"ಚಿಕ್ಕದಾಯ್ತಲ್ಲಪ್ಪ" ಎಂದರು ರೈತರು.

ಅಳೆದು ನೋಡಿದರೆ ಬಳೆಯ ಒಳವ್ಯಾಸ 1490 ಇತ್ತು. ಪಟ್ಟಿಯನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಕತ್ತರಿಸಿದ ಉದ್ದ ಹಾಗೆಯೇ ಉಳಿಯುವುದು ದಪ್ಪದ ನಡುವಿನ ಗೆರೆಯಲ್ಲಿ. ಆದ್ದರಿಂದ ಪೈಯಿಂದ ಗುಣಿಸಬೇಕಾದದ್ದು ಆ ನಡುಗೆರೆಯ ವ್ಯಾಸವನ್ನು, ಅಂದರೆ 1500ಕ್ಕೆ ಎರಡೂ ಬದಿಯ ಅರ್ಧ ದಪ್ಪ 5 ಮತ್ತು 5 ಸೇರಿಸಿದ 1510ನ್ನು. ಬರಬೇಕಾದ ಉದ್ದ 4744 (ದಶಮಾಂಶ ಬಿಡದೆ ಲೆಕ್ಕ ಹಾಕಿದರೆ ಕೊರತೆ 31.4). ಬಳೆಯನ್ನು ಕೊಯ್ದು 31 ಮಿ.ಮೀ. ತುಂಡೊಂದನ್ನು ನಡುವೆ ಸೇರಿಸಿ, ಒಂದು ಬೆಸುಗೆಯ ಜಾಗದಲ್ಲಿ ಎರಡು ಬೆಸುಗೆ ಹಾಕಿ ಕಳುಹಿಸಿದೆ.

ಮರಳಿ ಬಂದ ತಂದೆಯವರು ಕೇಳಿದ್ದು ಒಂದೇ ಮಾತು: "ದಪ್ಪಾನ ಎಲ್ಲಿ ಬಿಟ್ಟೆ?" ಅವರ ಲೆಕ್ಕದಲ್ಲಿ ಪೈ ಎಂಬ ಹೆಸರೇ ಇಲ್ಲ. ಅಡ್ಡಗಲದ ಮೂರರಷ್ಟು, ಅದಕ್ಕೆ ಅಡ್ಡಗಲದ ಏಳರಲ್ಲಿ ಒಂದು ಪಾಲು, ಮೇಲೆ ದಪ್ಪದ ಮೂರರಷ್ಟು. ಹಾಗೆ ಕೂಡಿದರೆ 4500, 214, 30, ಒಟ್ಟು 4744. ಮೂರೂ ಏಳರ ಒಂದು ಪಾಲೂ ಸೇರಿದರೆ ಪೈಗಿಂತ ಕೂದಲೆಳೆಯಷ್ಟು ಹೆಚ್ಚು, ದಪ್ಪದ ಮೂರರಷ್ಟು ಸ್ವಲ್ಪ ಕಡಿಮೆ. ಈ ಅಳತೆಯಲ್ಲಿ ಎರಡೂ ತಪ್ಪುಗಳು ಒಂದನ್ನೊಂದು ನುಂಗಿಹಾಕುತ್ತವೆ. ಒಂಬತ್ತನೆಯ ಶತಮಾನದಲ್ಲಿ ನಮ್ಮ ನಾಡಿನಲ್ಲಿಯೇ ಇದ್ದ ಗಣಿತಜ್ಞ ಮಹಾವೀರಾಚಾರ್ಯರು ಪೈಯ ಜಾಗದಲ್ಲಿ ಸ್ಥೂಲ ಲೆಕ್ಕಕ್ಕೆ 3ನ್ನೂ ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನೂ ಹೇಳಿದ್ದಾರೆ. ಕುತೂಹಲಕ್ಕೆ 1500ನ್ನು ಆ ವರ್ಗಮೂಲದಿಂದ ಗುಣಿಸಿದೆ: 4743 ಬಂತು, ದಪ್ಪವನ್ನು ಮರೆತರೂ ನನ್ನ ಬಳೆ ಕೂರುತ್ತಿತ್ತು! ಆದರೆ ಅದು ಬರೀ ಕಾಕತಾಳೀಯ, 600 ಮಿ.ಮೀ. ಪಾತ್ರೆಗೆ ಅದೇ ಲೆಕ್ಕ ಹಿಡಿದರೆ 19 ಮಿ.ಮೀ. ಕಡಿಮೆ ಬೀಳುತ್ತದೆ.

ನನಗೆ ತಡವಾಗಿ ಹೊಳೆದದ್ದು ಇನ್ನೊಂದಿದೆ. ಪರಿಧಿಯೆಂದರೆ ತ್ರಿಜ್ಯದ ಎರಡು ಪೈಯಷ್ಟು. ಹೀಗಾಗಿ ತ್ರಿಜ್ಯ 5 ಮಿ.ಮೀ. ಬೆಳೆದರೆ ಪರಿಧಿ 31.4 ಮಿ.ಮೀ. ಬೆಳೆಯುತ್ತದೆ, ವೃತ್ತ ಬಕೆಟ್ಟಿನಷ್ಟಿರಲಿ, ಬಾವಿಯಷ್ಟಿರಲಿ. ದೊಡ್ಡ ಬಳೆಗೆ ಹೆಚ್ಚು ಸೇರಿಸಬೇಕೆಂದು ಕೈ ತಾನಾಗಿಯೇ ಮುಂದಾಗುತ್ತದೆ, ಆದರೆ ಸೇರಿಸಬೇಕಾದದ್ದನ್ನು ತೀರ್ಮಾನಿಸುವುದು ಪಟ್ಟಿಯ ದಪ್ಪ ಮಾತ್ರ.

ಬಡಿದು ಮಾಡಿದ ಕೊಪ್ಪರಿಗೆ ಎಂದೂ ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಈಗ ನಾನು ವ್ಯಾಸವನ್ನು ಅಳೆಯುವ ಗೋಜಿಗೇ ಹೋಗದೆ, ಬಾಯಿಯ ಸುತ್ತ ಟೇಪು ಬಿಗಿದು ಪರಿಧಿಯನ್ನೇ ನೇರವಾಗಿ ತೆಗೆದುಕೊಳ್ಳುತ್ತೇನೆ. ಅದಕ್ಕೆ ಕೂಡಿಸಬೇಕಾದದ್ದನ್ನು, 6 ಮಿ.ಮೀ. ಪಟ್ಟಿಗೆ 19, 8ಕ್ಕೆ 25, 10ಕ್ಕೆ 31 ಎಂದು, ಕಟಿಂಗ್ ಯಂತ್ರದ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.