ಕುಡಿತ ಬಿಡಿಸಲು ಕೇಂದ್ರಕ್ಕೆ ಸೇರಿಸುವ ಮುನ್ನ, ಸೇರಿಸಿದ ಮೇಲೆ

ಹೆಚ್ಚಿನ ಮನೆಗಳು ಎಡವುವುದು ಕೇಂದ್ರದ ಬಾಗಿಲು ತಲುಪುವ ಮೊದಲೇ. ದಿನಕ್ಕೆ ಎರಡು ಮೂರು ಕ್ವಾರ್ಟರ್ ಕುಡಿಯುವವರನ್ನು ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುತ್ತಾರೆ, ಇಲ್ಲವೇ ಮಾಲೆ ಹಾಕಿಸುತ್ತಾರೆ. ಅವತ್ತಿನಿಂದಲೇ ಕುಡಿತ ಬಂದ್. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮೆದುಳು ಅದು ಥಟ್ಟನೆ ನಿಂತಾಗ ಕೆರಳುತ್ತದೆ. ಕೊನೆಯ ಗುಟುಕಾದ 6ರಿಂದ 12 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರು. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಯಾರೂ ಇಲ್ಲದ ಕಡೆ ಮಾತಾಡುತ್ತಾರೆ, ತಾವೆಲ್ಲಿದ್ದೇವೆ ಎಂಬ ಪರಿವೆ ತಪ್ಪುತ್ತದೆ. ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಲು ಓಡುವುದು ಆಗಲೇ. ಅದು ಗಾಳಿಯಲ್ಲ, ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿ ಒಮ್ಮೆಲೇ ಮುಚ್ಚಿದಾಗ ಆಸ್ಪತ್ರೆಗಳಿಗೆ ಬಂದವರಲ್ಲಿ ಇಂಥವರೂ ಇದ್ದರು.

ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ನಡುಕ ತಗ್ಗಿಸಲು ಕುಡಿಯಬೇಕಾದವರು, ಹಿಂದೆ ಫಿಟ್ಸ್ ಬಂದವರು ಮನೆಯಲ್ಲಿ ತಾವಾಗಿ ನಿಲ್ಲಿಸಬಾರದು. ದಿನ ಗೊತ್ತು ಮಾಡಿಕೊಂಡು, ವೈದ್ಯರಿರುವ ಜಾಗದಲ್ಲೇ ನಿಲ್ಲಿಸಬೇಕು. ಈಗಾಗಲೇ ನಿಲ್ಲಿಸಿ ನಡುಗುತ್ತಿದ್ದರೆ ಕೇಂದ್ರ ಹುಡುಕುತ್ತಾ ಕೂರದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಲೆಕ್ಕ ಬರೆದಿಡಿ

ವೈದ್ಯರು ಮೊದಲು ಕೇಳುವುದು ಎಷ್ಟು, ಯಾವಾಗಿನಿಂದ, ಕೊನೆಯ ಸಲ ಎಷ್ಟು ಹೊತ್ತಿಗೆ ಎಂದು. ‘ಸ್ವಲ್ಪ’ ಎಂಬ ಉತ್ತರದಿಂದ ಮಾತ್ರೆಯ ಪ್ರಮಾಣ ತೀರ್ಮಾನವಾಗುವುದಿಲ್ಲ. 30 ಮಿ.ಲೀ. ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ಒಂದು ಯೂನಿಟ್. 180 ಮಿ.ಲೀ.ನ ಕ್ವಾರ್ಟರ್ ಎಂದರೆ 6 ಯೂನಿಟ್. ‘ಬರೀ ಬಿಯರ್’ ಎನ್ನುವವರೂ ಗಮನಿಸಿ: ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 4 ಯೂನಿಟ್ ಇರುತ್ತದೆ. ನಿದ್ದೆ ಮಾತ್ರೆ, ನೋವಿನ ಮಾತ್ರೆ, ಗಾಂಜಾ ಜೊತೆಗಿದ್ದರೆ ಮುಚ್ಚಿಡಬೇಡಿ. ಖಾಲಿ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆ ದಿಢೀರನೆ ನಿಂತರೂ ಫಿಟ್ಸ್ ಬರಬಹುದು.

ಎಲ್ಲಿಗೆ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಹತ್ತಿರ. ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗಗಳಲ್ಲೂ ದಾಖಲು ಮಾಡಿಕೊಳ್ಳುತ್ತಾರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸಂಘಸಂಸ್ಥೆಗಳು ನಡೆಸುವ ಕೇಂದ್ರಗಳಿವೆ. ಅವುಗಳ ವಿವರಕ್ಕೆ 14446ಕ್ಕೆ ಕರೆ ಮಾಡಿ. ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಎಂಟು ದಿನಗಳದ್ದು. ಅದರ ಬಲವಿರುವುದು ಊರವರ ಒತ್ತಾಸೆಯಲ್ಲಿ, ಕುಡಿತ ಬಿಟ್ಟವರು ನಂತರ ಸೇರುವ ನವಜೀವನ ಸಮಿತಿಗಳಲ್ಲಿ. ಆದರೆ ಲಿವರ್ ಕೆಟ್ಟವರು, ಫಿಟ್ಸ್ ಬಂದವರು, ಆತ್ಮಹತ್ಯೆಯ ಮಾತಾಡುವವರು ಮೊದಲು ಆಸ್ಪತ್ರೆಗೇ ಹೋಗಬೇಕು.

ಖಾಸಗಿ ಕೇಂದ್ರವಾದರೆ ಹಣ ಕಟ್ಟುವ ಮುಂಚೆ ಒಮ್ಮೆ ಹೋಗಿ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಲಿ. ಮನೋವೈದ್ಯರು ವಾರದಲ್ಲಿ ಎಷ್ಟು ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂದು ಕೇಳಿ. ಮೂರು ತಿಂಗಳ ಹಣ ಒಂದೇ ಗಂಟಲ್ಲಿ ಕೇಳುವುದು, ಖಾಲಿ ಹಾಳೆಗೆ ಸಹಿ ಹಾಕಿಸುವುದು, ಮೊದಲ ತಿಂಗಳು ಫೋನೂ ಇಲ್ಲ ಭೇಟಿಯೂ ಇಲ್ಲ ಎನ್ನುವುದು, ‘ರಾತ್ರಿ ನಮ್ಮ ಹುಡುಗರು ಬಂದು ಎತ್ತಿಕೊಂಡು ಹೋಗುತ್ತಾರೆ’ ಎನ್ನುವುದು – ಇವುಗಳಲ್ಲಿ ಒಂದು ಕಿವಿಗೆ ಬಿದ್ದರೂ ವಾಪಸ್ ಬನ್ನಿ.

ಕಾನೂನು ಏನನ್ನುತ್ತದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳೂ ಒಳಪಡುತ್ತವೆ. ತಾನಾಗಿ ಬಂದು ಸೇರುವುದು 86ನೇ ಸೆಕ್ಷನ್. ಅಂಥವರು ಕೇಳಿದಾಗ ಬಿಡುಗಡೆ ಮಾಡಬೇಕು, ತಪಾಸಣೆಗಾಗಿ 24 ಗಂಟೆ ಮಾತ್ರ ತಡೆಯಬಹುದು. ತನಗಾಗಲಿ ಇತರರಿಗಾಗಲಿ ಅಪಾಯ ತರುವ ಸ್ಥಿತಿಯಿದ್ದು, ತೀರ್ಮಾನ ಮಾಡಲಾಗದವರನ್ನು 89ನೇ ಸೆಕ್ಷನ್ ಅಡಿ ಅವರ ನಾಮನಿರ್ದೇಶಿತ ಪ್ರತಿನಿಧಿಯ (ಅವರ ಪರ ನಿಲ್ಲಲು ಗೊತ್ತಾದವರ) ಅರ್ಜಿಯ ಮೇಲೆ 30 ದಿನದವರೆಗೆ ದಾಖಲಿಸಬಹುದು. ಅದಕ್ಕೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ಒಬ್ಬರು ಮನೋವೈದ್ಯರೇ ಆಗಿರಬೇಕು. ಸರಪಳಿ ಕಟ್ಟುವುದು ಯಾವ ಕಾರಣಕ್ಕೂ ಸಲ್ಲ. ವಿಮೆ ನೆಚ್ಚಿಕೊಂಡವರು ಪಾಲಿಸಿಯನ್ನು ಮೊದಲೇ ಓದಿ: ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ.

ಮೊದಲ ವಾರ

ನಡುಕ, ಫಿಟ್ಸ್ ತಡೆಯಲು ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಡಯಜೆಪಾಮ್ ಮಾತ್ರೆಯನ್ನು ಮೊದಲ ದಿನ ಹೆಚ್ಚು ಕೊಟ್ಟು ಐದಾರು ದಿನಗಳಲ್ಲಿ ಇಳಿಸುತ್ತಾ ನಿಲ್ಲಿಸುವುದು ಸಾಮಾನ್ಯ ಕ್ರಮ. ಲಿವರ್ ಸೋತವರಿಗೆ ಲೊರಾಜೆಪಾಮ್. ಅಪ್ಪನಿಗೆ ಕೊಟ್ಟ ಚೀಟಿ ಚಿಕ್ಕಪ್ಪನಿಗೆ ಆಗಿಬರುವುದಿಲ್ಲ.

ಇಲ್ಲೊಂದು ಮುಖ್ಯ ಸಂಗತಿ. ಕುಡಿಯುವವರು ಊಟ ಬಿಟ್ಟಿರುತ್ತಾರೆ, ದೇಹದಲ್ಲಿ ಬಿ1 ಅಂದರೆ ಥಯಾಮಿನ್ ಬರಿದಾಗಿರುತ್ತದೆ. ‘ನಿಶ್ಶಕ್ತಿ’ ಎಂದು ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿದರೆ ಉಳಿದ ಚೂರುಪಾರು ಬಿ1 ಕೂಡ ಅದನ್ನು ಅರಗಿಸಲು ಖರ್ಚಾಗಿ, ಕಣ್ಣಾಡುವುದು, ನಡಿಗೆ ತೂರಾಡುವುದು, ಗೊಂದಲ ಶುರುವಾಗಬಹುದು. ನೆನಪಿನ ಶಕ್ತಿ ಕಾಯಮ್ಮಾಗಿ ಹೋಗುವುದೂ ಉಂಟು. ಥಯಾಮಿನ್ ಇಂಜೆಕ್ಷನ್ ಮೊದಲು ಅಥವಾ ಜೊತೆಯಲ್ಲೇ ಹೋಗಬೇಕು. ಇದನ್ನು ನರ್ಸ್ ಬಳಿ ಕೇಳಲು ಸಂಕೋಚ ಬೇಡ.

ಚೀಲದಲ್ಲಿ ಸೆಂಟು, ಸ್ಯಾನಿಟೈಸರ್, ಮೌತ್‌ವಾಶ್ ಬೇಡ. ಚಡಪಡಿಕೆ ಹೆಚ್ಚಾದಾಗ ಅದನ್ನೂ ಕುಡಿದವರಿದ್ದಾರೆ.

ಒಂದು ವಾರಕ್ಕೆ ಮುಖದಲ್ಲಿ ಕಳೆ ಬರುತ್ತದೆ, ಹಸಿವಾಗುತ್ತದೆ. ‘ವಾಸಿಯಾಯ್ತು’ ಎಂದು ಮನೆಗೆ ಕರೆತರುವುದು ಆಗಲೇ. ವಾಸಿಯಾಗಿರುವುದು ನಡುಕ ಮಾತ್ರ. ಸಂಜೆ ಆರಕ್ಕೆ ಕಾಲು ಎತ್ತ ಹೋಗುತ್ತದೆ, ಕೂಲಿ ಕೈಗೆ ಬಂದ ಶನಿವಾರ ಏನು ಮಾಡಬೇಕು ಎಂಬ ಮಾತುಕತೆ ನಡೆಯುವುದು ಆಮೇಲಿನ ವಾರಗಳಲ್ಲಿ. ಮನೆಯವರ ಕೌನ್ಸೆಲಿಂಗ್ ತಪ್ಪಿಸಬೇಡಿ.

ಮನೆಗೆ ಬಂದ ಮೇಲೆ

ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಡೈಸಲ್ಫಿರಾಮ್ ಬೇರೆ ಬಗೆಯದು: ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಗೋಡೆಗಳ ಮೇಲೆ ‘ಗೊತ್ತಾಗದಂತೆ ಕುಡಿತ ಬಿಡಿಸಿ’ ಎಂದು ಬರೆಸುತ್ತಾರಲ್ಲ, ಆ ಪುಡಿಯಲ್ಲಿ ಏನಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮನ್ನು ಸಾರಿಗೆ ಬೆರೆಸಿ ಕೊಡುವುದಂತೂ ವಿಷವಿಟ್ಟಂತೆಯೇ. ತಿಳಿದು, ಒಪ್ಪಿ, ಹೃದಯ ಮತ್ತು ಲಿವರ್ ಪರೀಕ್ಷೆಯಾದವರಿಗೆ ಮಾತ್ರ ಅದು. ನುಂಗುವವರು ಅರಿಷ್ಟ, ಆಸವ, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪನ್ನೂ ದೂರವಿಡಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಅಪಾಯ ಉಳಿದಿರುತ್ತದೆ.

ಮೊದಲ ಮೂರು ತಿಂಗಳು ಮದುವೆ ಮನೆಯ ರಾತ್ರಿ, ಹಬ್ಬದ ಬಾಡೂಟ, ಹಳೇ ಗೆಳೆಯರ ಫೋನು – ಇವಕ್ಕೆ ಮುಂಚೆಯೇ ಉತ್ತರ ಇಟ್ಟುಕೊಂಡಿರಿ. ಒಮ್ಮೆ ಕುಡಿದರೆ ಬೈದು ಕೋಣೆಗೆ ಕೂಡಿಹಾಕದೆ ಮರುದಿನವೇ ವೈದ್ಯರ ಬಳಿ ಕರೆದೊಯ್ಯಿರಿ. ಒಂದು ದಿನದ ಜಾರುವಿಕೆಯನ್ನು ಹಿಡಿದು ನಿಲ್ಲಿಸಬಹುದು, ಒಂದು ತಿಂಗಳದ್ದಾದರೆ ಮತ್ತೆ ಮೊದಲಿನಿಂದ ದಾಖಲಾಗಬೇಕಾದೀತು.

ಹೆರಾಯಿನ್ ಅಥವಾ ಓಪಿಯಾಯ್ಡ್ (ಅಫೀಮಿನ ಬಗೆಯ) ನೋವಿನ ಮಾತ್ರೆ ಬಿಟ್ಟು ಬಂದವರ ಮನೆಯವರು ಇನ್ನೊಂದನ್ನು ತಿಳಿದಿರಬೇಕು. ಮೂರು ನಾಲ್ಕು ವಾರ ದೂರವಿದ್ದ ದೇಹ ಹಳೆಯ ತಾಳಿಕೆ ಕಳೆದುಕೊಂಡಿರುತ್ತದೆ. ಹಿಂದಿನಷ್ಟೇ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಅದಕ್ಕೇ ಆ ಆಸೆಯನ್ನು ತಡೆಯುವ ಬುಪ್ರೆನಾರ್ಫಿನ್ ಮಾತ್ರೆಯನ್ನು ವೈದ್ಯರು ತಿಂಗಳುಗಟ್ಟಲೆ ಮುಂದುವರಿಸುವುದು. ‘ಇದೂ ಒಂದು ಚಟವೇ’ ಎಂದು ಅದನ್ನು ಕಸಿದು ಬಿಸಾಡಬೇಡಿ.