ಮಳೆಗಾಲದ ಭೇದಿ: ಮಗುವಿಗೆ ಓಆರ್‌ಎಸ್ ಕೊಡುವ ಕ್ರಮ

ಮಳೆಗಾಲದಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗ ಮುಟ್ಟುವಷ್ಟರಲ್ಲಿ ಭೇದಿಯಾದ ಮಗು ಬಾಡಿಹೋಗಬಹುದು. ಚಿಕಿತ್ಸೆ ಮನೆಯಲ್ಲೇ ಶುರುವಾಗಲಿ: ಕಳೆದುಹೋದ ನೀರು, ಉಪ್ಪು ತುಂಬಿಸುವ ಪುಡಿಯೇ ಓಆರ್‌ಎಸ್.

ದೊಡ್ಡ ಓಆರ್‌ಎಸ್ ಪೊಟ್ಟಣ ಪೂರ್ತಿಗೆ ಸರಿಯಾಗಿ 1 ಲೀಟರ್ ನೀರು. ತೋಡಿನ ನೀರಾದರೆ ಕುದಿಸಿ, ಆರಿಸಿ. ಅಳತೆಗೆ ಲೀಟರಿನ ಖಾಲಿ ಬಾಟಲಿ ಸಾಕು. ಹೆಚ್ಚಿನವರು ಎಡವುವುದು ಇಲ್ಲೇ: ಲೋಟಕ್ಕೆ ಅಂದಾಜಿನಲ್ಲಿ ಚೂರು ಪುಡಿ ಉದುರಿಸುತ್ತಾರೆ. ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ. ತೆಳುವಾದರೆ ಕಳೆದುಹೋದ ಉಪ್ಪು ತುಂಬುವುದಿಲ್ಲ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿಬಿಡಿ. ಅಂಗಡಿಯ ಸಿಹಿ ಜ್ಯೂಸ್ ಡಬ್ಬಿ ಇದಕ್ಕೆ ಬದಲಿಯಲ್ಲ. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ.

ಪ್ರತಿ ಸಲ ನೀರಾಗಿ ಹೋದ ಮೇಲೆ 2 ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಚಮಚದಲ್ಲಿ, ನಿಧಾನಕ್ಕೆ. ವಾಂತಿಯಾಯಿತೆಂದು ನಿಲ್ಲಿಸಬೇಡಿ, 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕುಡಿಸಿ. ಎದೆಹಾಲು, ಗಂಜಿ ಎಂದಿನಂತೆ. ಊಟ ನಿಲ್ಲಿಸಿ ಎನ್ನುವ ಅಜ್ಜಿಯರ ಮಾತು ಇಲ್ಲಿ ಬೇಡ.

ಜೊತೆಗೆ ಸತುವಿನ (ಜಿಂಕ್) ಮಾತ್ರೆ: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳವರಿಗೆ 10. ಭೇದಿ ನಿಂತರೂ 14 ದಿನ ಮುಗಿಸಿ.

ಹೊಟ್ಟೆಯ ಚರ್ಮ ಚಿವುಟಿ ಬಿಡಿ. ಮಡಿಕೆ 2 ಸೆಕೆಂಡಿಗಿಂತ ಹೆಚ್ಚು ನಿಂತರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತವಿದ್ದರೆ, ಮಗು ಕುಡಿಯದೆ ಮಂಕಾಗಿದ್ದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. 2 ತಿಂಗಳೊಳಗಿನ ಕೂಸನ್ನಂತೂ ನೇರ ಆಸ್ಪತ್ರೆಗೆ ಒಯ್ಯಿರಿ. ತಾಯಿ ಕಾರ್ಡ್ ಕೈಲಿರಲಿ: ಅದರಲ್ಲಿರುವ ಹಿಂದಿನ ತೂಕದಿಂದ ಎಷ್ಟು ನೀರು ಇಳಿದಿದೆ ಎಂದು ವೈದ್ಯರು ಅಂದಾಜಿಸಬಹುದು.