ಓಡಲು ಇಷ್ಟವಿಲ್ಲದವಳ ವ್ಯಾಯಾಮ

ವ್ಯಾಯಾಮ ಅಂದರೆ ನನಗೆ ಈಗಲೂ ಅಷ್ಟಕ್ಕಷ್ಟೆ. "ಬೆಳಿಗ್ಗೆ ಎದ್ದು ಓಡಿ ಬಂದ್ರೆ ಇಡೀ ದಿನ ಎಷ್ಟು ಫ್ರೆಶ್ ಗೊತ್ತಾ" ಅನ್ನುವವರ ಹತ್ತಿರ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಆದರೂ ವಾರದಲ್ಲಿ ನಾಲ್ಕೈದು ದಿನ ಬೆವರು ಬರುವಷ್ಟು ಮೈ ಆಡಿಸುತ್ತೇನೆ. ಅದೂ ಖುಷಿಯಿಂದ.

ಇಷ್ಟವಿಲ್ಲದ್ದಕ್ಕೆ ಕಾರಣ ಶಾಲೆಯಲ್ಲೇ ಇದೆ. ಮಗ್ಗಿ ಬರಲಿಲ್ಲ ಅಂದರೆ ಬಸ್ಕಿ. ತಡವಾಗಿ ಬಂದರೆ ಗ್ರೌಂಡಿಗೆ ಸುತ್ತು. ಶಿಕ್ಷೆ ಅಂತ ಕಲಿತದ್ದನ್ನೇ ನಲವತ್ತು ದಾಟಿದ ಮೇಲೆ ದುಡ್ಡು ಕೊಟ್ಟು ಮಾಡಬೇಕಾ? ಜಿಮ್ಮಿಗೆ ಸೇರಿದ್ದೆ, ಬಿಟ್ಟೆ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಶುಗರ್ ಬಾರ್ಡರಿಗೆ ಬಂದಾಗ ಡಾಕ್ಟರು ವಾರಕ್ಕೆ 150 ನಿಮಿಷ ಅಂದರು. ಅದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸಾಧಾರಣ ವೇಗದಲ್ಲಾದರೆ 150ರಿಂದ 300 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಲೇಬೇಕು ಅಂತ ಮೊದಲು ಒಂದು ಷರತ್ತಿತ್ತು. 2020ರಲ್ಲಿ ಅದನ್ನೂ ತೆಗೆದರು. ಪಾಂಟೆಲೀಮನ್ ಎಕ್ಕೆಕಾಕಿಸ್ ಅನ್ನುವ ಸಂಶೋಧಕರು ವ್ಯಾಯಾಮ ಮಾಡುವಾಗ ಜನರಿಗೆ ಏನನ್ನಿಸುತ್ತದೆ ಅಂತಲೇ ವರ್ಷಗಟ್ಟಲೆ ನೋಡಿದ್ದಾರೆ. ಏದುಸಿರು ಬರುವ ಮಟ್ಟ ದಾಟಿದರೆ ಹೆಚ್ಚಿನವರಿಗೆ ಹಿತ ಅನ್ನಿಸುವುದು ಇಳಿದುಹೋಗುತ್ತದೆ. ನಮ್ಮ ವೇಗ ನಾವೇ ಇಟ್ಟುಕೊಂಡರೆ ಅಷ್ಟು ಕಷ್ಟ ಅನ್ನಿಸುವುದಿಲ್ಲ. ಓದಿ ನನಗೆ ನಿರಾಳವಾಯಿತು. ನನಗೆ ಆಗದಿದ್ದದ್ದು ಮೈ ಆಡಿಸುವುದಲ್ಲ, ನಾಲ್ಕು ಜನರೆದುರು ಏದುಸಿರು ಬಿಡುವುದು.

ಹಾಗಾಗಿ ಮೊದಲು ಹಿಡಿದದ್ದು ಥ್ರೋಬಾಲ್. ನಮ್ಮ ಬಡಾವಣೆಯಲ್ಲಿ ಒಂದು ಖಾಲಿ ಸೈಟಿದೆ. ಒಂದು ಕಡೆ ಲೈಟ್ ಕಂಬ, ಇನ್ನೊಂದು ಕಡೆ ನುಗ್ಗೆಮರ, ನಡುವೆ ನೆಟ್ಟು. ಸಂಜೆ ಕಾಫಿ ಆದ ಮೇಲೆ ಆರೇಳು ಜನ ಸೇರುತ್ತೇವೆ. ನಲ್ಲಿಯಲ್ಲಿ ನೀರು ಬಿಡುವ ದಿನ ಆಟವಿಲ್ಲ. ಬಾಲನ್ನು ಎರಡೂ ಕೈಯಲ್ಲಿ ಹಿಡಿದು ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ವಾಪಸ್ ಎಸೆಯಬೇಕು. ಈ ಮೂರು ಸೆಕೆಂಡು ಇದೆಯಲ್ಲ, ಅದರಲ್ಲಿ ಇನ್ನೇನೂ ಯೋಚಿಸಲು ಆಗುವುದಿಲ್ಲ. ಎದುರಿಗೆ ಯಾರು ಎಚ್ಚರ ತಪ್ಪಿದ್ದಾರೆ, ಎಲ್ಲಿ ಜಾಗ ಖಾಲಿ ಇದೆ, ಕಣ್ಣು ಅಲ್ಲೇ ಇರುತ್ತದೆ. ಕ್ಯಾಲೊರಿ ಲೆಕ್ಕ ಯಾರಿಗೆ ನೆನಪಿರುತ್ತೆ? ನಮ್ಮೂರು ಹಾಸನವನ್ನು ಬಡವರ ಊಟಿ ಅಂತಾರೆ, ಡಿಸೆಂಬರ್ ಸಂಜೆ ಸ್ವೆಟರ್ ಇಲ್ಲದೆ ಹೊರಗೆ ಬರಲು ಆಗಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಸ್ವೆಟರ್‌ಗಳೆಲ್ಲ ಕಾಂಪೌಂಡ್ ಮೇಲಿರುತ್ತವೆ.

ಇನ್ನೊಂದು ಶ್ರವಣಬೆಳಗೊಳದ ಬೆಟ್ಟ. ಬಿಡುವಿದ್ದ ಭಾನುವಾರ ನಾನು, ನನ್ನ ಓರಗಿತ್ತಿ ಬಸ್ಸು ಹಿಡಿಯುತ್ತೇವೆ. ದೊಡ್ಡಬೆಟ್ಟಕ್ಕೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ನಾವು ಎಣಿಸುವುದಿಲ್ಲ, ಎಣಿಸಿದರೆ ಮತ್ತೆ ಪಿಟಿ ಪೀರಿಯಡ್. ಒಂದೊಂದು ಜಾಗಕ್ಕೆ ಹೋಗಿ ಕೂರುವುದು ನಮ್ಮ ಕ್ರಮ. ಒದೆಗಲ್ಲು ಬಸದಿಯ ನೆರಳಿನಲ್ಲಿ ಒಂದು ಸಲ. ತ್ಯಾಗದ ಕಂಬದ ಹತ್ತಿರ ಇನ್ನೊಂದು ಸಲ, ಅದರ ಬಳ್ಳಿ ಕೆತ್ತನೆ ನೋಡುವ ನೆಪದಲ್ಲಿ. ಒಂದೇ ಬಂಡೆಯಲ್ಲಿ ಕೆತ್ತಿದ ಅಖಂಡ ಬಾಗಿಲಿಗೆ ಬಂದರೆ ಇನ್ನು ಸ್ವಲ್ಪವೇ ಬಾಕಿ. ದಾರಿಯುದ್ದಕ್ಕೂ ಮನೆ ಮಾತು. ನಾನು ಸುಮ್ಮನಾದರೆ ಅವಳಿಗೆ ಗೊತ್ತಾಗಿಬಿಡುತ್ತದೆ: "ಏನಕ್ಕ, ಮಾತೇ ಇಲ್ಲ? ನಿಧಾನ ಮಾಡು, ಗೊಮ್ಮಟ ಎಲ್ಲೂ ಹೋಗಲ್ಲ." ಸಾವಿರ ವರ್ಷದಿಂದ ನಿಂತವನು, ನಿಜ ಅಲ್ವಾ.

ಹೋಗುವವರಿಗೆ ಎರಡು ಮಾತು. ಚಪ್ಪಲಿ ಕೆಳಗೇ ಬಿಡಬೇಕು, ಹೊತ್ತೇರಿದರೆ ಬಂಡೆ ಸುಡುತ್ತದೆ. ಬೇಗ ಹೋಗಿ, ಇಲ್ಲವೇ ಸಾಕ್ಸ್ ಹಾಕಿಕೊಳ್ಳಿ. ಮೈಕೈ ನೋವು ಕೊಡುವುದು ಹತ್ತುವುದಕ್ಕಿಂತ ಇಳಿಯುವುದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಅದಕ್ಕೇ ನೋವು ಅವತ್ತು ಬರುವುದಿಲ್ಲ, ಮಾರನೇ ದಿನವೋ ಅದರ ಮಾರನೇ ದಿನವೋ ಬರುತ್ತದೆ. ಹೊಸಬರು ಎದುರಿನ ಚಿಕ್ಕಬೆಟ್ಟದಿಂದಲೇ ಶುರು ಮಾಡಿದರೆ ಒಳ್ಳೆಯದು. ಮಂಡಿನೋವು ಇದ್ದವರು ಡಾಕ್ಟರನ್ನು ಕೇಳಿ ಹೋಗಿ.

ಜಡಿಮಳೆ ಹಿಡಿದಾಗ ಇವೆರಡೂ ಇಲ್ಲ. ಆಗ ಧಾರಾವಾಹಿಯೇ ಗತಿ, ಕೂತು ನೋಡುವ ಹಾಗಿಲ್ಲ ಅಷ್ಟೆ. ಮನೆಯ ಹಾಲ್‌ನಲ್ಲಿ ಆ ಕಡೆ ಈ ಕಡೆ ನಡೆಯುತ್ತಾ ನೋಡುತ್ತೇನೆ. ನಡೆಯಲಿಲ್ಲ ಅಂದರೆ ಟಿವಿ ಇಲ್ಲ. ಅಮೆರಿಕದ ಕೇಟಿ ಮಿಲ್ಕ್‌ಮನ್ ಮತ್ತು ಜೊತೆಗಾರರು ಇಂಥದ್ದನ್ನೇ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ದರು. ಕುತೂಹಲದ ಕತೆಯ ಆಡಿಯೊವನ್ನು ಜಿಮ್ಮಿನಲ್ಲಿ ಮಾತ್ರ ಕೇಳಬಹುದು ಅಂದರೆ ಜನ ಜಿಮ್ಮಿಗೆ ಜಾಸ್ತಿ ಬಂದರು. ಆದರೆ ನವೆಂಬರಿನ ಹಬ್ಬದ ರಜೆ ಮುಗಿದ ಮೇಲೆ ಆ ಉತ್ಸಾಹ ಉಳಿಯಲಿಲ್ಲ.

ಇಲ್ಲೂ ಹಾಗೇ. ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆಗೆದರೆ ನಮ್ಮೂರಿನ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದರ್ಶನಕ್ಕೆ ಬಂದ ನೆಂಟರಿಗೆ ಬಡಿಸುವುದರಲ್ಲೇ ದಿನ ಹೋಗುತ್ತದೆ. ಅವರು ಹೋದ ಮೇಲೆ ಸೋಫಾ ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲ. ಅದಕ್ಕೇ ಈಗ ಥ್ರೋಬಾಲಿನ ಬಾಲನ್ನು ನಮ್ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಸಂಜೆಯಾದರೆ ಯಾರಾದರೂ ಬಂದು ಗೇಟ್ ಬಡಿಯುತ್ತಾರೆ. ಬಾಲ್ ಕೊಟ್ಟು ಕಳಿಸೋಣ ಅಂದರೆ ಅವರು ಬಿಡಬೇಕಲ್ಲ.